ಹೊಸ್ತಿಲಾಚೆ ನಿಂತ ಹೆಂಗಸು

"ನಿಮಗೆ ನಿಮ್ಮೋರು ಅಂತ ಯಾರಾದ್ರೂ ಇದ್ದರೆ ಇದನ್ನ ಮುಟ್ಟಬೇಡಿ ತಾಯಿ," ಅಂದರು ಮುದುಕರು. "ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವ ನಿಮ್ಮ ಆಫೀಸಲ್ಲಿ ಇದ್ದರೆ ಕರೀರಿ. ಅವರ ಕೈಗೆ ಕೊಟ್ಟು ಹೋಗ್ತೀನಿ."

ಕಲಾ ಸಂಗ್ರಹಾಲಯದ ಹೊಸ ಕ್ಯುರೇಟರ್ ತುಟಿ ಕಚ್ಚಿ ನಗು ತಡೆದಳು. ಅವಳು ಈ ಕೆಲಸಕ್ಕೆ ಬಂದು ಇನ್ನೂ ಕುರ್ಚಿ ಬಿಸಿಯಾಗಿರಲಿಲ್ಲ. ಬಂದ ಕೂಡಲೇ ನಿರ್ದೇಶಕರು ಒಪ್ಪಿಸಿದ್ದು ಒಂದೇ ಜವಾಬ್ದಾರಿ: ಸಂಗ್ರಹಾಲಯ ಇತ್ತೀಚೆಗೆ ಕೊಂಡುಕೊಂಡ ಹಾಗೂ ದಾನವಾಗಿ ಪಡೆದ ಕೃತಿಗಳನ್ನೆಲ್ಲ ಸೇರಿಸಿ ದೊಡ್ಡದೊಂದು ಪ್ರದರ್ಶನ ಮಾಡುವುದು. ಕೊಂಡ ಕೃತಿಗಳು ಮೊದಲೇ ಬಂದು ಗೋಡೆ ಸೇರಿದ್ದವು. ದಾನದವು ಒಂದೊಂದಾಗಿ ಬರುತ್ತಿದ್ದವು, ಜೊತೆಗೆ ದಾನಿಗಳೂ ಬರುತ್ತಿದ್ದರು. ಒಬ್ಬರು ಅಜ್ಜನ ಕಾಲದ ಕಂಚಿನ ಕುದುರೆಯನ್ನು ತಂದು, ಕೊಟ್ಟ ಮೇಲೂ ಅದರ ಬೆನ್ನು ಸವರುತ್ತ ಅರ್ಧ ದಿನ ಕೂತಿದ್ದರು. ಇನ್ನೊಬ್ಬರು ತಮ್ಮದೇ ಭಾವಚಿತ್ರ ತಂದು ಹೆಬ್ಬಾಗಿಲಿನ ಎದುರಿಗೇ ತೂಗುಹಾಕಬೇಕೆಂದು ಹಟ ಹಿಡಿದಿದ್ದರು. ಅಂಥ ವಿಚಿತ್ರಗಳೆಲ್ಲ ಅವಳಿಗೆ ರೂಢಿಯಾಗಿದ್ದವು. ಆದರೆ ತಾನೇ ಹೊತ್ತು ತಂದ ಚಿತ್ರವನ್ನು ಮುಟ್ಟಬೇಡಿ ಎನ್ನುವ ದಾನಿಯನ್ನು ಕಂಡದ್ದು ಇದೇ ಮೊದಲು.

ಮುದುಕರು ಒಂದು ಕಾಲಕ್ಕೆ ಕನ್ನಡಕದ ಅಂಗಡಿ ಇಟ್ಟಿದ್ದವರು. ಈಗ ಅವರ ಮೂಗಿನ ಮೇಲೇ ಸೀಸೆಯ ತಳದಷ್ಟು ದಪ್ಪನೆಯ ಗಾಜು ಕೂತಿತ್ತು. ಕೈಹಿಡಿದು ಕರೆತಂದಿದ್ದ ಮೊಮ್ಮಗಳು ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಕಾಯುತ್ತಿದ್ದಳು. ಮೇಜಿನ ಮೇಲೆ, ಹಳೆಯ ಹೊದಿಕೆಯಲ್ಲಿ ಸುತ್ತಿ ಹಗ್ಗ ಬಿಗಿದ ಚಿತ್ರ. ಆ ಗಂಟಿನೊಳಗಿಂದ ಸಣ್ಣಗೆ ಒಂದು ವಾಸನೆ ಬರುತ್ತಿತ್ತು. ಒಲೆಗೆ ಬಿದ್ದ ಕೂದಲಿನ ವಾಸನೆ.

ಇದು ಮಾಟ ಮಾಡಿಸಿ ಬರೆದ ಚಿತ್ರ ಎಂದರು ಮುದುಕರು. ಇದು ಯಾರಿಗೆ ಸೇರುತ್ತದೋ ಅವರನ್ನು ಅವರ ಸ್ವಂತದವರೇ ಒಬ್ಬೊಬ್ಬರಾಗಿ ಮರೆಯುತ್ತ ಹೋಗುತ್ತಾರೆ. ಮಾರಿದರೆ ಚಿತ್ರವಷ್ಟೇ ಹೋಗುತ್ತದೆ, ಮಾಟ ಮಾರಿದವನ ಬಳಿಯೇ ಉಳಿಯುತ್ತದೆ. 'ಕೊಟ್ಟೆ' ಎಂದು ಒಬ್ಬರು ಕೊಟ್ಟು, 'ತಗೊಂಡೆ' ಎಂದು ಇನ್ನೊಬ್ಬರು ಕೈಯೊಡ್ಡಿದರೆ ಮಾತ್ರ ಅದು ಕೈ ಬದಲಿಸುವುದು.

"ನಮ್ಮ ಆಫೀಸಲ್ಲಿ ಹಿಂದೆ ಮುಂದೆ ಯಾರೂ ಇಲ್ಲದವರು ಅಂದರೆ ಆ ಕಲ್ಲಿನ ಶಿಲ್ಪಗಳು ಮಾತ್ರ," ಎಂದಳು ಅವಳು. ಆಮೇಲೆ, ನಾಟಕದ ರಾಣಿಯ ಹಾಗೆ ಎರಡೂ ಕೈ ಮುಂದೆ ಚಾಚಿದಳು. "ಕೊಡಿ ಇತ್ತ. ತಗೊಂಡೆ."

ಮುದುಕರು ಪಡಸಾಲೆಯ ಕಡೆ ನೋಡಿದರು. ಬೆಂಚಿನ ಮೇಲಿದ್ದ ಮೊಮ್ಮಗಳು ತಲೆಯೆತ್ತಿ ಅವರನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಏನೋ ತಡವರಿಕೆಯಿತ್ತು, ಬಸ್ಸಿನಲ್ಲಿ ಎದುರು ಕೂತವರನ್ನು ಎಲ್ಲೋ ಕಂಡ ಹಾಗಿದೆಯಲ್ಲ ಎಂದು ನೋಡುವಂಥದು.

"ಕೊಟ್ಟೆ," ಅಂದರು.

ಅವಳೇ ಹಗ್ಗ ಬಿಚ್ಚಿದಳು. ಕತ್ತಲಾದ ಒಂದು ಕೋಣೆ. ನಡುವೆ ಊಟದ ಮೇಜು, ಮೇಲೆ ತೂಗುದೀಪ. ಮೇಜಿನ ಸುತ್ತ ಒಬ್ಬಳು ಮುದುಕಿ, ಇಬ್ಬರು ಗಂಡಸರು, ಎತ್ತರದ ಸ್ಟೂಲಿನ ಮೇಲೆ ಒಂದು ಮಗು. ಚಿತ್ರದ ಈಚೆ ಬದಿಗೆ, ಬಾಗಿಲಿನ ಹೊಸ್ತಿಲಾಚೆ, ಬೆನ್ನು ಮಾತ್ರ ಕಾಣುವಂತೆ ನಿಂತ ಹೆಂಗಸು. ಅವಳ ಕಪ್ಪು ಉಡುಪಿನ ಬಣ್ಣ ಎಲ್ಲಿಯೂ ಕಾಣದಷ್ಟು ಕಪ್ಪಾಗಿತ್ತು. ಬೆಳಕು ಬಿದ್ದಲ್ಲೂ ಅದು ಹೊಳೆಯಲಿಲ್ಲ.

"ಎಷ್ಟು ಚೆನ್ನಾಗಿದೆ. ಎಲ್ಲರೂ ಅವಳ ದಾರಿಯನ್ನೇ ಕಾಯ್ತಾ ಕೂತ ಹಾಗೆ ನೋಡ್ತಿದಾರೆ," ಎಂದಳು.

"ಎಲ್ಲರೂ ಈ ಕಡೆ ನೋಡ್ತಿದಾರಾ?"

"ಹೌದು. ನಿಮಗೆ ಕಾಣಲ್ವಾ?"

ಮುದುಕರು ಕಣ್ಣು ಮುಚ್ಚಿಕೊಂಡಿದ್ದರು. "ಹಾಗಾದ್ರೆ ಅದು ನಿಮ್ಮದಾಯ್ತು," ಅಂದರು. ಅಷ್ಟರಲ್ಲಿ ಮೊಮ್ಮಗಳು ಒಳಗೆ ಬಂದು, ತಡವಾಯಿತು, ಹೋಗೋಣ್ವಾ ತಾತ ಎಂದು ಭುಜ ಮುಟ್ಟಿದಳು. ತಾತ ಎಂಬ ಆ ಒಂದು ಮಾತಿಗೆ ಮುದುಕರು ಎಳೆಮಗುವಿನ ಹಾಗೆ ಬಿಕ್ಕಿ ಅಳತೊಡಗಿದರು.

ಆ ಸಂಜೆ ಮನೆಯಲ್ಲಿ ಅವಳು ಇದನ್ನೆಲ್ಲ ಅಭಿನಯಿಸಿ ತೋರಿಸಿ ನಗಿಸಿದಳು. ಅವಳ ತಾಯಿ ಅವರ ಜೊತೆಯಲ್ಲೇ ಇದ್ದಳು. ಗಂಡ ಕಾಲೇಜಿನಲ್ಲಿ ಗಣಿತ ಪಾಠ ಹೇಳುವವನು, ಬಲು ಮರೆಗುಳಿ. "ನನಗೆ ಮಾಟ ಬೇರೆ ಬೇಕಾ? ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕೋನು ನಾನು. ಹೆಂಡತಿ ಒಬ್ಬಳು ನೆನಪಿದಾಳೆ, ಅಷ್ಟೇ ನನ್ನ ಪುಣ್ಯ," ಎಂದ. ಮಗಳು ಪುಟ್ಟಿ ಅಪ್ಪನ ತಲೆಯ ಮೇಲೆ ಕನ್ನಡಕವಿದೆಯೋ ಎಂದು ತಡವಿ ನೋಡಿದಳು.

ಚಿತ್ರಕ್ಕೆ ದಾನದ ಕೃತಿಗಳ ಕೋಣೆಯ ಕೊನೆಯ ಗೋಡೆ ಸಿಕ್ಕಿತು. ಅಲ್ಲಿ ಕಿಟಕಿಯಿರಲಿಲ್ಲ. ಮೊಳೆ ಹೊಡೆಯಲು ಬಂದ ಬಡಗಿ ಮೂಗು ಮುಚ್ಚಿಕೊಂಡು, ಮೇಡಂ ಯಾರದೋ ಜಡೆ ಸುಟ್ಟ ಹಾಗಿದೆ ಎಂದು ಗೊಣಗಿದ. ಹಳೇ ವಾರ್ನಿಶ್ ಹಾಗೇ ಇರುತ್ತದೆ ಎಂದು ಅವಳು ತಳ್ಳಿಹಾಕಿದಳು. ಬಡಗಿ ಹೋದ ಮೇಲೆ ಅವಳೊಬ್ಬಳೇ ದೀಪದ ಕೋನ ಸರಿಪಡಿಸುತ್ತ ನಿಂತಿದ್ದಾಗ ಬೆನ್ನ ಹಿಂದೆ ಸದ್ದಾಯಿತು. ಮರದ ಕುರ್ಚಿಯನ್ನು ನೆಲದ ಮೇಲೆ ಎಳೆದ ಸದ್ದು. ನಿಧಾನ, ಭಾರ. ತಿರುಗಿ ನೋಡಿದಳು. ಆ ಕೋಣೆಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ತಾಯಿಗೆ ಕಾಫಿ ಕೊಡಲು ಹೋದಳು. ತಾಯಿ ಲೋಟ ತೆಗೆದುಕೊಳ್ಳಲಿಲ್ಲ. ಸೆರಗು ಸರಿಮಾಡಿಕೊಂಡು, ಹೊರಗಿನವರೆದುರು ಕೂರುವ ಹಾಗೆ ನೆಟ್ಟಗೆ ಕೂತಳು.

"ಯಾರಮ್ಮ ನೀನು? ನಮ್ಮ ಅಳಿಯಂದಿರು ಕೆಲಸಕ್ಕೆ ಇಟ್ಕೊಂಡಿದಾರಾ?"

ಡಾಕ್ಟರು ನೋಡಿದರು. ವಯಸ್ಸಾದವರಲ್ಲಿ ಇದು ಸಾಮಾನ್ಯ, ಧೈರ್ಯವಾಗಿರಿ ಎಂದರು. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆದರೆ ತಾಯಿಗೆ ಅಳಿಯ ಗೊತ್ತು, ಮೊಮ್ಮಗಳು ಗೊತ್ತು, ಪಕ್ಕದ ಮನೆಯ ಬೆಕ್ಕಿನ ಹೆಸರೂ ಗೊತ್ತು. ಮಗಳೊಬ್ಬಳು ಮಾತ್ರ ಗೊತ್ತಿಲ್ಲ. ಪುಟ್ಟಿಯ ಅಮ್ಮ ಯಾರು ಎಂದು ಕೇಳಿದರೆ ಮುದುಕಿಯ ಮಾತು ಒದ್ದೆ ಸಾಬೂನಿನ ಹಾಗೆ ಜಾರಿ ಬೇರೆಲ್ಲೋ ಹೋಗುತ್ತಿತ್ತು. ರಾತ್ರಿ ತಲೆ ಬಾಚಲು ಹೋದ ಮಗಳ ಕೈಯನ್ನು ಮೆಲ್ಲಗೆ ಸರಿಸಿ, "ಬೇಡಮ್ಮ, ಮನೆಯೋರು ಬಾಚ್ತಾರೆ," ಅಂದಳು.

ಸಂಗ್ರಹಾಲಯಕ್ಕೆ ಹೋಗಿ ಚಿತ್ರದ ಮುಂದೆ ನಿಂತಳು. ಮೇಜಿನ ತುದಿಗೆ ಕೂತಿದ್ದ ಮುದುಕಿಯ ಮುಖ ಈಗ ಕಾಣಲಿಲ್ಲ. ಬಿಳಿ ತುರುಬು, ಬಾಗಿದ ಬೆನ್ನು. ಮೊದಲ ದಿನ ತೆಗೆದಿದ್ದ ಫೋಟೋ ನೋಡಿದಳು. ಫೋಟೋದಲ್ಲೂ ಬೆನ್ನೇ ಇತ್ತು. ನಾನೇ ಸರಿಯಾಗಿ ನೋಡಿರಲಿಲ್ಲ ಎಂದುಕೊಂಡಳು. ಗಟ್ಟಿಯಾಗಿ ಹೇಳಿಕೊಂಡಳು. ಖಾಲಿ ಕೋಣೆಯಲ್ಲಿ ಆ ದನಿ ಬೇರೆ ಯಾರದೋ ಅನ್ನಿಸಿತು.

ಅಮ್ಮನ ವಿಷಯ ಅಣ್ಣನಿಗೆ ತಿಳಿಸಬೇಕಿತ್ತು. ದೂರದ ಊರಿನಲ್ಲಿದ್ದ ಅವನಿಗೆ ಆಫೀಸಿನಿಂದಲೇ ಫೋನ್ ಮಾಡಿದಳು. ಅವನು ಫೋನು ಎತ್ತಿಕೊಂಡ ಕ್ಷಣಕ್ಕೇ, ಪಡಸಾಲೆಯಾಚೆಯ ಆ ಕಿಟಕಿಯಿಲ್ಲದ ಕೋಣೆಯಿಂದ ಕುರ್ಚಿ ಎಳೆದ ಸದ್ದು ಬಂತು.

"ಅಣ್ಣಾ, ನಾನು ಕಣೋ."

"ಯಾರು ಮಾತಾಡ್ತಿರೋದು?"

ಅವಳು ಹೇಳಿದಳು. ಬಾಲ್ಯದ್ದು ಹೇಳಿದಳು, ಒಟ್ಟಿಗೆ ಮಲಗುತ್ತಿದ್ದ ಮಂಚದ್ದು ಹೇಳಿದಳು, ಅವನ ಹಣೆಯ ಗಾಯ ತನ್ನಿಂದಲೇ ಆದದ್ದೆಂದು ಹೇಳಿದಳು. ಅವನು ತಾಳ್ಮೆಯಿಂದ ಕೇಳಿಸಿಕೊಂಡ. ಅವನು ಯಾವತ್ತೂ ತಾಳ್ಮೆಯವನೇ. ಕೊನೆಗೆ, "ನಿಮಗೆ ಏನೋ ಕಷ್ಟ ಬಂದಿದೆ ಅಂತ ಗೊತ್ತಾಗುತ್ತೆ. ಆದ್ರೆ ನನಗೆ ತಂಗಿ ಇಲ್ಲಮ್ಮ," ಎಂದು ಫೋನಿಟ್ಟ.

ಅವಳು ನೇರ ಮುದುಕರ ಮನೆಗೆ ಹೋದಳು. ಬಾಗಿಲು ಹಾಕಿದ ಅಂಗಡಿಯ ಹಿಂದೆಯೇ ಮನೆ. ಗೋಡೆಯ ಗೂಡುಗಳಲ್ಲಿ ಗಾಜಿಲ್ಲದ ಕನ್ನಡಕದ ಚೌಕಟ್ಟುಗಳು ಸಾಲಾಗಿ ಧೂಳು ಹಿಡಿದಿದ್ದವು. ಮೊಮ್ಮಗಳು ಮುದುಕರ ತಲೆಯನ್ನು ತನ್ನ ತೊಡೆಗೆ ಒರಗಿಸಿಕೊಂಡು ಕಣ್ಣಿಗೆ ಔಷಧಿ ಬಿಡುತ್ತಿದ್ದಳು. ಮಿಟುಕಿಸಬೇಡ ಅಂದ್ರೂ ಮಿಟುಕಿಸ್ತೀಯಲ್ಲ ಎಂದು ಗದರುತ್ತಿದ್ದಳು. ಬಂದವರನ್ನು ಕಂಡು ಅವಳು ಒಳಗೆ ಹೋದ ಮೇಲೆ ಮುದುಕರು ಎದ್ದು ಕೂತರು. ಅವರೇನೂ ಕೇಳಲಿಲ್ಲ. ಅವಳ ಮುಖ ನೋಡಿಯೇ ತಿಳಿದುಕೊಂಡರು.

ಕತೆ ಅವರ ಅಜ್ಜನ ಕಾಲದ್ದು. ಅಜ್ಜನ ಮೊದಲ ಹೆಂಡತಿ ಚಿತ್ರ ಬರೆಯುತ್ತಿದ್ದಳು. ಸಂಸಾರಕ್ಕೆ ಒಗ್ಗಲಿಲ್ಲ ಎಂದು ಮನೆಯವರು ಅವಳನ್ನು ಹೊರಗೆ ಹಾಕಿದರು, ಮಗುವನ್ನು ಮಾತ್ರ ಇಟ್ಟುಕೊಂಡರು. ಬಾಗಿಲ ಬಳಿ ಬಂದಾಗಲೆಲ್ಲ, ಅವಳು ಯಾರೋ ಹುಚ್ಚಿ, ನಿನ್ನ ಅಮ್ಮ ಅಲ್ಲ ಎಂದು ಮಗುವಿಗೆ ಹೇಳಿಕೊಟ್ಟರು. ಒಂದು ದಿನ ಮಗುವೇ ಬಾಗಿಲು ತೆರೆದು, ಯಾರು ನೀನು ಎಂದು ಕೇಳಿತು. ಅವಳು ಅಲ್ಲಿಂದ ನೇರ ಮಾಟಗಾರನ ಬಳಿ ಹೋದಳು. ಅವಳ ತಲೆಗೂದಲನ್ನೆಲ್ಲ ಕೊಯ್ದು, ಅವಳ ಬಳಿ ಉಳಿದಿದ್ದ ಮಗುವಿನ ಒಂದು ಅಂಗಿಯ ಜೊತೆ ಸೇರಿಸಿ ಸುಟ್ಟು, ಆ ಬೂದಿಗೆ ಅವನು ಮಂತ್ರ ಹಾಕಿಕೊಟ್ಟ. ಅದನ್ನು ಕಪ್ಪು ಬಣ್ಣಕ್ಕೆ ಕಲಸಿ ಈ ಚಿತ್ರ ಬರೆದಳು. ಕೊಟ್ಟೆ ಎಂದು ಗಂಡನ ಕೈಗಿಟ್ಟಳು. ಪೀಡೆ ತೊಲಗಿತು ಎಂದುಕೊಂಡು ಅವನು ತಗೊಂಡೆ ಅಂದ. ಅಲ್ಲಿಂದ ಅದು ಆ ಮನೆತನದಲ್ಲೇ ಕೈಯಿಂದ ಕೈಗೆ ಬಂದಿತ್ತು. ಮುದುಕರ ಕೈಗೆ ಇಟ್ಟದ್ದು ಸಾಯುವ ಕಾಲದಲ್ಲಿ ಅವರ ತಂದೆ. ಸುಡಲು ಹೋದ ದಾಯಾದಿಯೊಬ್ಬನಿಗೆ ತಾನು ಯಾರೆಂಬುದೇ ಮರೆತುಹೋಯಿತು.

"ನನ್ನ ಹೆಂಡತಿ ಪ್ರಾಣ ಬಿಡೋವಾಗ ನನ್ನ ತೊಡೆ ಮೇಲೇ ಇದ್ದಳು," ಅಂದರು ಮುದುಕರು. "ಯಾರು ನೀವು, ನಮ್ಮೆಜಮಾನರನ್ನ ಕರೀರಿ, ಅಂತ ಕೇಳ್ತಾ ಕೇಳ್ತಾ ಹೋದಳು. ಮಕ್ಕಳೂ ಮರೆತರು. ಈ ಮೊಮ್ಮಗಳೊಬ್ಬಳು ಉಳಿದಿದ್ದಳು. ಚಿತ್ರದಲ್ಲಿ ಇವಳ ಕುರ್ಚಿನೂ ಅರ್ಧ ತಿರುಗಿತ್ತು. ಯಾರಿಲ್ಲದೆ ನಮಗೆ ಬದುಕೋಕಾಗಲ್ವೋ, ಅವರೇ ಕೊನೇಲಿ ಉಳಿಯೋದು. ಅದಕ್ಕೇ ತಂದುಕೊಟ್ಟೆ."

ಮರೆತವರಿಗೆ ಮತ್ತೆ ನೆನಪು ಬರುತ್ತದೆಯೇ ಎಂದು ಅವಳು ಕೇಳಿದಳು. ಇಲ್ಲ ಎಂದರು. ಉಳಿದವರು ಉಳಿಯಬೇಕಾದರೆ ಇನ್ನೊಬ್ಬರಿಗೆ ಕೊಡುವುದೊಂದೇ ದಾರಿ.

ಅವಳು ಹೊಸ್ತಿಲು ದಾಟುವಾಗ ತಿರುಗಿ ನಿಂತಳು. "ನಿಮ್ಮ ಮೊಮ್ಮಗಳನ್ನ ಉಳಿಸ್ಕೊಳ್ಳೋಕೆ ನನ್ನ ಮಗಳನ್ನ ಕೊಟ್ಟುಬಿಟ್ರಲ್ಲ ತಾತ."

ಮುದುಕರು ಔಷಧಿ ಸೀಸೆಯ ಮುಚ್ಚಳ ತಡಕಾಡಿ ಹುಡುಕತೊಡಗಿದರು.

ಪ್ರದರ್ಶನದ ಉದ್ಘಾಟನೆ ಮುಸ್ಸಂಜೆಗೆ ಇತ್ತು. ಬರಬೇಡಿ, ಪುಟ್ಟಿಯನ್ನಂತೂ ಕರೆತರಲೇಬೇಡಿ ಎಂದು ಅವಳು ಗಂಡನಿಗೆ ಹೇಳಿದ್ದಳು. ಕಾರಣ ಹೇಳಲಾಗಲಿಲ್ಲ. ಇಡೀ ದಿನ ಅವಳು ಯಾರಿಗೆ ಕೊಡಲಿ ಎಂದು ಮನಸ್ಸಿನಲ್ಲೇ ಜನರನ್ನು ಆರಿಸುತ್ತಿದ್ದಳು. ನಿರ್ದೇಶಕರಿಗೆ ಮೂವರು ಗಂಡುಮಕ್ಕಳು. ಬಡಗಿಯ ಹೆಂಡತಿ ದಿನಾ ಮಧ್ಯಾಹ್ನ ಬುತ್ತಿ ತಂದು, ಅವನು ಉಣ್ಣುವ ತನಕ ಎದುರು ಕೂತಿರುತ್ತಿದ್ದಳು. ಟಿಕೆಟ್ ಕೊಡುವ ಹುಡುಗಿಗೆ ಬಿಡುವು ಸಿಕ್ಕರೆ ಸಾಕು, ಅಮ್ಮನ ಜೊತೆ ಫೋನಿನಲ್ಲಿ ಜಗಳ. ಯಾರನ್ನು ನೋಡಿದರೂ ಅವರ ಹಿಂದೆ ಒಂದು ಊಟದ ಮೇಜು ಕಾಣತೊಡಗಿತು.

ಜನ ಬಂದರು. ಭಾಷಣಗಳಾದವು. ಹೂವು, ಅತ್ತರು, ಹೊಸ ಬಣ್ಣದ ಘಾಟು, ಇವೆಲ್ಲದರ ಅಡಿಯಿಂದ ಸುಟ್ಟ ಕೂದಲು ಮೂಗಿಗೆ ಬಡಿಯುತ್ತಿತ್ತು. ಚಿತ್ರದ ಮುಂದೆ ತುಂಬು ಬಸುರಿಯೊಬ್ಬಳು ಗಂಡನ ತೋಳು ಹಿಡಿದು ನಿಂತಿದ್ದಳು. ಅವಳು ಕ್ಯುರೇಟರ್ ಕಡೆ ತಿರುಗಿ ಆಸೆಗಣ್ಣಿನಿಂದ ನಕ್ಕಳು. "ಇಂಥದ್ದು ನಮ್ಮ ಮನೇಲಿದ್ರೆ ಎಷ್ಟು ಚೆನ್ನಾಗಿರುತ್ತಲ್ವಾ? ಯಾರಾದ್ರೂ ಕೊಟ್ರೆ ಕಣ್ಣಿಗೊತ್ಕೊಂಡು ತಗೋತೀನಿ."

ಒಂದೇ ಮಾತು. ನಾಲಿಗೆಯ ತುದಿಗೆ ಬಂದಿತ್ತು. ಬಸುರಿ ಕಾಯುತ್ತಿದ್ದ ಹಾಗೆ ನಗುತ್ತಲೇ ಇದ್ದಳು. ಕ್ಯುರೇಟರ್ ಬಾಯಿಗೆ ಕೈ ಅಡ್ಡ ಹಿಡಿದು, ಮುಂದಿನ ಕೋಣೆಯಲ್ಲಿ ಇನ್ನೂ ಒಳ್ಳೆಯ ಚಿತ್ರಗಳಿವೆ ಹೋಗಿ ನೋಡಿ ಎಂದು ಅವರನ್ನು ಹೆಚ್ಚುಕಮ್ಮಿ ತಳ್ಳಿದಳು.

"ಅಮ್ಮಾ."

ಪುಟ್ಟಿ ಓಡಿಬಂದು ಅವಳ ಕೈ ಹಿಡಿದುಕೊಂಡಳು. ಹಿಂದೆಯೇ ಗಂಡ. ಇಸ್ತ್ರಿ ಮಾಡಿದ ಅಂಗಿ, ಮುಖದ ತುಂಬ ನಗು. ನೀನು ಬೇಡ ಅಂದೆ, ಆದರೆ ನಿನ್ನ ಮೊದಲ ಪ್ರದರ್ಶನ, ನಾವು ಬರದೆ ಇನ್ಯಾರು ಬರಬೇಕು ಎಂದು ಅವನು ದೂರದಿಂದಲೇ ಹೇಳುತ್ತ ಬರುತ್ತಿದ್ದ.

ವಿದ್ಯುತ್ ಹೋಯಿತು.

ಕಿಟಕಿಯಿಲ್ಲದ ಕೋಣೆ ಬಾವಿಯ ಹಾಗೆ ಕಪ್ಪಾಯಿತು. ಜನ ಗುಜುಗುಜು ನಕ್ಕರು. ಯಾರೋ ಮೊಬೈಲ್ ದೀಪ ಹಚ್ಚಿದರು. ಆ ನಗುವಿನ ನಡುವೆ, ಅವಳ ಕಿವಿಯ ಪಕ್ಕದಲ್ಲೇ, ಕುರ್ಚಿ ಎಳೆದ ಸದ್ದು.

ಗಂಡ ಎದುರಿಗೆ ನಿಂತಿದ್ದ. ನಗು ಆರಿತ್ತು.

"ಕ್ಷಮಿಸಿ ಮೇಡಂ, ನೀವು ಯಾರು ಅಂತ ಗೊತ್ತಾಗಲಿಲ್ಲ. ನನ್ನ ಮಗಳ ಕೈ ಯಾಕೆ ಹಿಡ್ಕೊಂಡಿದೀರ?"

"ಅಪ್ಪಾ, ಅಮ್ಮ ಕಣಪ್ಪಾ," ಎಂದಳು ಪುಟ್ಟಿ.

ಅವನು ಮಗಳ ಇನ್ನೊಂದು ಕೈ ಹಿಡಿದ. ಅವಳು ಅವನ ಹೆಸರು ಹಿಡಿದು ಕರೆದಳು. ಒಮ್ಮೆ, ಇನ್ನೊಮ್ಮೆ. ಅವನ ಕಣ್ಣಲ್ಲಿ ಭಯ ಮಾತ್ರ ಇತ್ತು, ಮಕ್ಕಳ ಕಳ್ಳಿಯನ್ನು ಕಂಡ ತಂದೆಯ ಭಯ. ಮೊಬೈಲಿನ ಬೆಳಕು ಚಿತ್ರದ ಮೇಲೆ ಹಾದುಹೋಯಿತು. ಮೂರು ಬೆನ್ನುಗಳು. ಸ್ಟೂಲಿನ ಮೇಲೆ ಮಗು. ಮಗುವಿನ ಒಂದು ಕಾಲು ನೆಲ ತಡಕುತ್ತಿತ್ತು. ಸ್ಟೂಲು ಕಿರ್ರೆಂದಿತು. ಒಂದಿಷ್ಟು ತಿರುಗಿತು. ಮುಖ ಅರ್ಧವಾಯಿತು.

ಅವಳ ಕೈಯೊಳಗಿದ್ದ ಪುಟ್ಟ ಕೈ ಸಡಿಲವಾಯಿತು.

"ಪುಟ್ಟಿ. ಪುಟ್ಟಿ, ನನ್ನ ನೋಡು."

ಮಗು ನೋಡಿತು. ಹುಬ್ಬು ಗಂಟಿಕ್ಕಿ, ಕಷ್ಟದ ಲೆಕ್ಕ ನೋಡುವ ಹಾಗೆ ನೋಡಿತು.

"ನನಗೆ ಕೊಡಿ."

ಮುದುಕರು. ದಾನಿಗಳ ಸಾಲಿನಲ್ಲಿ ಅವರಿಗೂ ಆಹ್ವಾನವಿತ್ತು. ಅವಳು ಮರೆತೇಬಿಟ್ಟಿದ್ದಳು. ಕತ್ತಲಲ್ಲಿ ಗೋಡೆ ತಡವುತ್ತ ಅವಳ ಪಕ್ಕಕ್ಕೆ ಬಂದು ನಿಂತಿದ್ದರು.

"ಬೇಗ ತಾಯಿ. ಅವಳು ಟೀ ತರೋಕೆ ಹೋಗಿದಾಳೆ. ಅವಳು ಎದುರಿಗಿದ್ರೆ ನನಗೆ ಧೈರ್ಯ ಬರಲ್ಲ."

ಅವಳಿಗೆ ಗೊತ್ತಿತ್ತು. ಅವರ ಮೊಮ್ಮಗಳ ಕುರ್ಚಿ ಅರ್ಧ ತಿರುಗಿದ್ದು ಗೊತ್ತಿತ್ತು. ಕೊಟ್ಟರೆ ಉಳಿದರ್ಧವೂ ತಿರುಗುವುದು ಗೊತ್ತಿತ್ತು. ಬೇಡ ಅನ್ನಬೇಕಿತ್ತು. ಸ್ಟೂಲು ಇನ್ನೊಮ್ಮೆ ಕಿರ್ರೆಂದಿತು. ಮಗು ಅವಳ ಬೆರಳಿನಿಂದ ಕೈ ಬಿಡಿಸಿಕೊಳ್ಳುತ್ತಿತ್ತು. ಅವಳು ಚೌಕಟ್ಟನ್ನು ಗೋಡೆಯಿಂದ ಕಿತ್ತಳು. ಮೊಳೆ ಉದುರಿತು. ಉಗುರು ಸೀಳಿತು. ಮುದುಕರ ಎದೆಗೆ ಒತ್ತಿ ಹಿಡಿದಳು.

"ಕೊಟ್ಟೆ."

"ತಗೊಂಡೆ," ಅಂದರು ಮುದುಕರು.

ದೀಪ ಬಂತು. ಪುಟ್ಟಿ ಅವಳ ಸೊಂಟ ತಬ್ಬಿ, ಅಮ್ಮಾ ನಂಗೆ ಏನೋ ಆಯ್ತು ಎಂದು ಅಳುತ್ತಿದ್ದಳು. ಗಂಡ ಏನೂ ತಿಳಿಯದೆ ಇಬ್ಬರನ್ನೂ ನೋಡುತ್ತ ನಿಂತಿದ್ದ. ಬಾಗಿಲಿನಲ್ಲಿ ಮುದುಕರ ಮೊಮ್ಮಗಳು ಕಾಣಿಸಿಕೊಂಡಳು. ಎರಡು ಕೈಯಲ್ಲಿ ಎರಡು ಟೀ ಲೋಟ. ಒಳಗೆ ಬಂದು ಸುತ್ತ ನೋಡಿದಳು. ಮುದುಕರ ಮೇಲೆ ಕಣ್ಣು ಬಿತ್ತು, ಹಾಗೇ ಮುಂದೆ ಹೋಯಿತು. ಆಮೇಲೆ ತನ್ನ ಕೈಯ ಲೋಟಗಳನ್ನು ನೋಡಿಕೊಂಡಳು. ಎರಡು ಯಾಕೆ ತಂದೆ ಎಂದು ತನಗೆ ತಾನೇ ನಕ್ಕು, ಒಂದನ್ನು ಹತ್ತಿರದಲ್ಲಿ ನಿಂತಿದ್ದ ಯಾರಿಗೋ ಕೊಟ್ಟು, ಇನ್ನೊಂದನ್ನು ಕುಡಿಯುತ್ತ ಹೊರಟುಹೋದಳು.

ಮುದುಕರು ಚಿತ್ರವನ್ನು ತಬ್ಬಿಕೊಂಡು, ಅವಳ ಬೆನ್ನು ಮರೆಯಾಗುವ ತನಕ ನೋಡಿದರು. ದಪ್ಪ ಗಾಜಿನ ಹಿಂದೆ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು.

ದಾನಿಗಳು ಮನಸ್ಸು ಬದಲಿಸಿ ಚಿತ್ರ ವಾಪಸು ಕೇಳಿದರು ಎಂದು ಅವಳು ನಿರ್ದೇಶಕರಿಗೆ ಹೇಳಿದಳು. ಖಾಲಿ ಗೋಡೆಗೆ ಕಂಚಿನ ಕುದುರೆ ಬಂದು ನಿಂತಿತು. ಪ್ರದರ್ಶನಕ್ಕೆ ಒಳ್ಳೆಯ ಹೆಸರು ಬಂತು.

ಮನೆಯಲ್ಲಿ ಗಂಡನ ಮುಂದೆ ಮದುವೆಯ ಫೋಟೋ ಇಟ್ಟರು, ಪಕ್ಕದ ಮನೆಯವರು ಹೇಳಿದರು, ಮಗಳು ಹೇಳಿದಳು. ಗಣಿತದ ಮನುಷ್ಯ, ಸಾಕ್ಷ್ಯ ಒಪ್ಪಿಕೊಂಡ. ನೀವು ನನ್ನ ಹೆಂಡತಿ ಎಂದು ಎಲ್ಲರೂ ಹೇಳುತ್ತಾರೆ, ಹಾಗಾದರೆ ಹಾಗೇ ಇರಬೇಕು ಎಂದ. ಅವಳನ್ನು ಬಹುವಚನದಲ್ಲಿ ಮಾತಾಡಿಸತೊಡಗಿದ. ಹಾಲು ತರಲಾ, ನಿಮಗೆ ಫ್ಯಾನ್ ಜಾಸ್ತಿಯಾಯಿತಾ ಎಂದು ನೆಂಟರನ್ನು ಕೇಳುವ ಹಾಗೆ ಕೇಳುತ್ತಿದ್ದ. ರಾತ್ರಿ ಹಾಸಿಗೆಯ ಅಂಚಿನಲ್ಲಿ, ತಾಗಬಾರದೆಂದು ಮೈ ಹಿಡಿಮಾಡಿಕೊಂಡು ಮಲಗುತ್ತಿದ್ದ. ಒಳ್ಳೆಯ ಮನುಷ್ಯನ ಆ ಮರ್ಯಾದೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ತಾಯಿ ಅವಳನ್ನು ಕೆಲಸದವಳೆಂದೇ ತಿಳಿದು, ಪಾಪ ಒಳ್ಳೆ ಹುಡುಗಿ, ಯಾರ ಮಗಳೋ ಎಂದು ಬಂದವರೆದುರು ಹೊಗಳುತ್ತಿದ್ದಳು.

ಅವಳಿಗೆ ಉಳಿದದ್ದು ಪುಟ್ಟಿ. ಅಷ್ಟು ಸಾಕು ಎಂದುಕೊಂಡಳು. ಆ ಅಷ್ಟನ್ನು ಉಳಿಸಿಕೊಟ್ಟವರನ್ನು ನೋಡಲು ವಾರಕ್ಕೊಮ್ಮೆ ಹೋಗತೊಡಗಿದಳು. ಮೊಮ್ಮಗಳು ಬೇರೆ ಮನೆ ಮಾಡಿ ಹೋಗಿದ್ದಳು. ಯಾರೋ ಅಪರಿಚಿತ ಮುದುಕನ ಮನೆಯಲ್ಲಿ ತಾನು ಯಾಕಿದ್ದೆನೆಂದು ಅವಳಿಗೇ ತಿಳಿದಿರಲಿಲ್ಲ. ಪುಟ್ಟಿಯ ಅಮ್ಮನೇ ಮುದುಕರ ಹಲ್ಲಿಲ್ಲದ ಬಾಯಿಗೆ ಆಗುವಂಥದ್ದನ್ನು ಮೆತ್ತಗೆ ಬೇಯಿಸಿ, ಖಾರ ಹಾಕದೆ ಡಬ್ಬಿಯಲ್ಲಿ ಒಯ್ಯುತ್ತಿದ್ದಳು. ಕಣ್ಣಿಗೆ ಔಷಧಿ ಬಿಡುತ್ತಿದ್ದಳು. ಪುಟ್ಟಿ ಗಾಜಿಲ್ಲದ ಚೌಕಟ್ಟುಗಳನ್ನು ಒಂದೊಂದಾಗಿ ಹಾಕಿಕೊಂಡು, ತಾತ ಈಗ ನಾನು ಯಾರು ಹೇಳು ಎಂದು ಕುಣಿಯುತ್ತಿದ್ದಳು. ಅವರು ಬೇಕೆಂದೇ ತಪ್ಪು ಹೇಳುತ್ತಿದ್ದರು. ಪುಟ್ಟಿ ಬಿದ್ದು ಬಿದ್ದು ನಗುತ್ತಿದ್ದಳು.

ಒಂದು ದಿನ ಅವರು ಡಬ್ಬಿಯನ್ನು ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಇಟ್ಟಿದ್ದ ಚಿತ್ರವನ್ನು ತೋರಿಸಿದರು.

"ನಾನು ವಾಪಸು ತಂದಾಗ ಎಲ್ಲ ಬೆನ್ನೇ ಇತ್ತು. ನಿನ್ನೆ ತಿರುಗಿಸಿ ನೋಡಿದೆ. ಎರಡು ಹೊಸ ಮುಖ ಬಂದು ಕೂತಿದಾವೆ. ಒಂದು ಹೆಂಗಸು, ಒಂದು ಮಗು." ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಬರೋಕೆ ಶುರು ಮಾಡಿದಾಗಲೇ ನನ್ನನ್ನ ಹಚ್ಕೋಬೇಡಿ ಅಂದಿದ್ದೆ. ನಾನೇ ಹಚ್ಕೊಂಡುಬಿಟ್ಟೆ. ಇನ್ನು ಬರಬೇಡ ಮಗಳೇ."

ಅದುವರೆಗೆ ಅವರು ಅವಳನ್ನು ಮಗಳೇ ಎಂದು ಕರೆದಿರಲಿಲ್ಲ. ಅವಳು ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದೆ ಸರಿಸಿದಳು.

"ಮರೆಯೋತನಕ ಬರ್ತೀನಿ," ಅಂದಳು.

ಬಂದಳು. ಬಿಸಿಲಿಗೂ ಬಂದಳು, ಮಳೆಗೂ ಬಂದಳು. ಪುಟ್ಟಿಗೆ ಜ್ವರವಿದ್ದಾಗ ಒಬ್ಬಳೇ ಬಂದಳು. ಪ್ರತಿ ಸಲ ಬಾಗಿಲು ತಟ್ಟುವ ಸದ್ದಿಗೆ ಮುದುಕರು ಉಸಿರು ಹಿಡಿದು, ತಾತ ಎಂಬ ಕೂಗು ಕೇಳಿದ ಮೇಲೆಯೇ ಉಸಿರು ಬಿಡುತ್ತಿದ್ದರು.

ಆಮೇಲೆ ಒಂದು ವಾರ ಬಾಗಿಲು ತಟ್ಟಲಿಲ್ಲ. ಮುಂದಿನ ವಾರವೂ ತಟ್ಟಲಿಲ್ಲ.

ಅದಾದ ಮೇಲೆ ಒಂದು ಸಂಜೆ ಅವಳು ಅಡುಗೆಮನೆಯಲ್ಲಿದ್ದಳು. ಗಂಡ ಮೇಜಿನ ಬಳಿ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಕರೆಗಂಟೆ ಕೇಳಿ ಅವಳೇ ಹೋಗಿ ಬಾಗಿಲು ತೆರೆದಳು. ಹೊರಗೆ ಒಬ್ಬ ಮುದುಕರು ಕಂಬಿ ಹಿಡಿದು ಏದುಸಿರು ಬಿಡುತ್ತ ನಿಂತಿದ್ದರು. ದಪ್ಪ ಗಾಜಿನ ಕನ್ನಡಕ, ತೊಳೆದು ಒರೆಸಿದ ಒಂದು ಖಾಲಿ ಡಬ್ಬಿ ಕೈಯಲ್ಲಿ.

"ಯಾರು ಬೇಕಿತ್ತು ತಾತ?" ಎಂದು ಕೇಳಿದಳು.

ಮುದುಕರು ಅವಳ ಮುಖವನ್ನು ತುಂಬ ಹೊತ್ತು ನೋಡಿದರು. ಅವಳ ಭುಜದಾಚೆ, ದೀಪದ ಕೆಳಗೆ ತಲೆ ಬಗ್ಗಿಸಿ ಬರೆಯುತ್ತಿದ್ದ ಮಗುವನ್ನು ನೋಡಿದರು. ಮಗು ಒಮ್ಮೆ ತಲೆಯೆತ್ತಿ ಬಾಗಿಲ ಕಡೆ ನೋಡಿ ಮತ್ತೆ ಬರೆಯತೊಡಗಿತು.

"ಯಾರೂ ಇಲ್ಲ ತಾಯಿ," ಎಂದರು. "ಮನೆ ತಪ್ಪಿ ಬಂದೆ."

ಇಳಿಯಲು ಕಷ್ಟವಾದೀತು ಎಂದು ಅವಳು ಮೆಟ್ಟಿಲಿನ ದೀಪ ಹಾಕಿದಳು. ಹುಷಾರು ಎಂದಳು. ಅವರು ಒಂದೊಂದೇ ಮೆಟ್ಟಿಲು ತಡವುತ್ತ ಇಳಿಯುವುದನ್ನು ಅರೆಗಳಿಗೆ ನೋಡಿ ಬಾಗಿಲು ಹಾಕಿಕೊಂಡಳು.

"ಯಾರಮ್ಮ ಅದು?" ಎಂದಳು ಪುಟ್ಟಿ.

"ಯಾರೋ ಪಾಪ, ವಯಸ್ಸಾದವರು," ಎಂದಳು ಅವಳು. "ತಮ್ಮೋರ ಮನೆ ಯಾವುದು ಅಂತಾನೇ ಮರೆತುಬಿಟ್ಟಿದಾರೆ."